ತರಗತಿಗೆ ಬಂದ ಸೌಟು

ಬಾಪೂಜಿ ನಗರದ ಒಳಗಲ್ಲಿಯೊಂದರಲ್ಲಿ ನಮ್ಮ ಕನ್ನಡ ಶಾಲೆ. ನಾನು ಅಲ್ಲಿ ಎರಡನೇ ತರಗತಿಯ ಟೀಚರ್. ಆ ವರ್ಷ ಬೇಸಿಗೆ ರಜೆ ಮುಗಿಸಿ ಬಂದಾಗ ನನ್ನ ಬೀರುವಿನಲ್ಲಿ ಟ್ಯಾಬ್‌ಗಳು ಕೂತಿದ್ದವು. ಯಾವುದೋ ಟ್ರಸ್ಟ್ ಕೊಟ್ಟದ್ದು, ಮಗುವಿಗೊಂದರಂತೆ. ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಹಾಗಾಗಿ ಚಾರ್ಜ್ ಮಾಡುವುದೇ ಮೊದಲ ತಿಂಗಳ ದೊಡ್ಡ ಕೆಲಸವಾಯಿತು.

ಟ್ಯಾಬಿನಲ್ಲಿ ಪ್ರತಿ ಮಗುವಿಗೂ ಒಂದು ಮರ, ಒಂದು ಅಳಿಲು. ಸರಿ ಉತ್ತರ ಒತ್ತುತ್ತಾ ಹೋದರೆ ಅಳಿಲು ಮೇಲಿನ ಕೊಂಬೆಗೆ ಹತ್ತುತ್ತದೆ. ಅಲ್ಲಿ ಪಾಠ ಇನ್ನೊಂದಿಷ್ಟು ಕಷ್ಟ. ತಪ್ಪಿದರೆ ಕೆಳಗಿಳಿಯುತ್ತದೆ, ಗೊತ್ತಾಗದ್ದನ್ನೇ ಬೇರೆ ಥರ ಹೇಳಿಕೊಡುತ್ತದೆ. ಒಂದೇ ಕೋಣೆಯಲ್ಲಿ ಒಬ್ಬಳು ಕಾಗುಣಿತದಲ್ಲಿದ್ದರೆ ಪಕ್ಕದವನು ಕಥೆ ಓದುತ್ತಿರುತ್ತಾನೆ. ಯಾರೂ ಯಾರಿಗಾಗಿಯೂ ನಿಲ್ಲಬೇಕಿಲ್ಲ. ಜೋರು ದನಿ ಇಲ್ಲದ ನನಗೆ ಇದು ಹಿಡಿಸಿತು. ಮಕ್ಕಳ ಹಿಂದೆ ಸದ್ದಿಲ್ಲದೆ ಓಡಾಡುತ್ತಾ, ಬೇಕಾದವರ ಪಕ್ಕ ಮಾತ್ರ ಕೂರಬಹುದಿತ್ತು.

ನಮ್ಮ ಹೆಡ್‌ಮಿಸ್ಸಿಗೆ ಇದನ್ನು ನೋಡಿದರೆ ನಗು. ಬಾಗಿಲಲ್ಲಿ ನಿಂತು, "ಏನಮ್ಮಾ, ಎಂ.ಎಸ್ಸಿ. ಓದಿ ಅಳಿಲು ಕಾಯ್ತಾ ಇದೀಯಲ್ಲ!" ಅನ್ನುತ್ತಿದ್ದರು.

ಮಧ್ಯಾಹ್ನ ಜಗಲಿಯಲ್ಲಿ ಎರಡು ಸಾಲಾಗಿ ಬಿಸಿಯೂಟ. ಆ ಸಾಲಿಗೆ ನಾನೊಂದು ನಿಯಮ ಮಾಡಿದ್ದೆ. ನಮ್ಮ ಮನೆಯಲ್ಲಿ ಹಬ್ಬದ ಪಂಕ್ತಿಗೆ ಇದ್ದದ್ದೇ ಅದು: ಎಲ್ಲರಿಗೂ ಬಡಿಸಿ ಆಗುವ ತನಕ ಯಾರೂ ತುತ್ತು ಎತ್ತಬಾರದು. "ಪಕ್ಕದವರ ತಟ್ಟೆ ನೋಡಿ, ಆಮೇಲೆ ಕೈ ಹಾಕಿ" ಎಂದು ದಿನಾ ಹೇಳುತ್ತಿದ್ದೆ. ಮಕ್ಕಳು ಬೇಗ ಕಲಿತರು. ಪಕ್ಕದ ತಟ್ಟೆ ಖಾಲಿ ಇದ್ದರೆ ಇವರೇ "ಆಂಟೀ, ಇಲ್ಲಿ ಅನ್ನ!" ಎಂದು ಕೂಗುತ್ತಿದ್ದರು.

ಆ ತರಗತಿಯಲ್ಲಿ ಗದಗದ ಕಡೆಯ ಒಬ್ಬ ಹುಡುಗಿ ಇದ್ದಳು. ಅಪ್ಪ ಬೈಕಿನಲ್ಲಿ ಊಟ ಡೆಲಿವರಿ ಮಾಡುವವರು, ಅಮ್ಮ ಗಾರ್ಮೆಂಟ್ಸಿಗೆ ಹೋಗುವವರು. ಹುಡುಗಿಗೆ ಮಾತು ಕಡಿಮೆ. ಅವಳ ಪಾಲಿನ ಮಾತನ್ನೂ ಸೇರಿಸಿ ಆಡುವವಳು ಅವಳ ಬೆಂಚಿನ ಗೆಳತಿ. ಅದೇ ಗಲ್ಲಿಯ ಟೈಲರ್ ಒಬ್ಬರ ಮಗಳು, ಮನೆಯಲ್ಲಿ ಉರ್ದು. ಕನ್ನಡ ಅಕ್ಷರಗಳು ಅವಳಿಗೆ ನಿಧಾನವಾಗಿ ಹತ್ತುತ್ತಿದ್ದವು, ಆದರೆ ಅದರಿಂದ ಅವಳ ಬಾಯಿಗೇನೂ ತೊಂದರೆ ಆಗಿರಲಿಲ್ಲ. ಇಬ್ಬರ ಅಳಿಲೂ ಎರಡನೇ ಕೊಂಬೆಯಲ್ಲೇ ಕೂತಿದ್ದವು. ಗೆಳತಿಯದು ಯಾಕೆಂದು ನನಗೆ ಗೊತ್ತಿತ್ತು. ಇವಳದು ಅರ್ಥವಾಗುತ್ತಿರಲಿಲ್ಲ. ಪುಸ್ತಕ ಓದಿಸಿದರೂ ಅಷ್ಟೇ, ಗೆಳತಿ ಎಲ್ಲಿ ತಡವರಿಸುತ್ತಾಳೋ ಇವಳೂ ಅಲ್ಲೇ ನಿಲ್ಲುತ್ತಿದ್ದಳು.

ದಸರಾ ರಜೆ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಅವಳ ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ಬೆನ್ನ ಮೇಲೆ ದೊಡ್ಡ ಚೌಕದ ಬ್ಯಾಗು, ಕೈಯಲ್ಲಿ ಫೋನು. ಅಳಿಲು ಯಾವ ಕೊಂಬೆಯಲ್ಲಿದೆ ಎಂದು ಟ್ಯಾಬಿನಿಂದ ಪೋಷಕರಿಗೆ ಮೆಸೇಜ್ ಹೋಗುತ್ತದೆ. ಅದನ್ನು ನನ್ನ ಮುಂದೆ ಹಿಡಿದರು.

"ಅಕ್ಕೋರ, ಬಂದಾಗೆಲ್ಲಾ ಎರಡನೇ ಕೊಂಬಿ, ಎರಡನೇ ಕೊಂಬಿ. ಇದಕ್ಕ ಮ್ಯಾಲೆ ಏರೂದ ಗೊತ್ತಿಲ್ಲೇನ್ರಿ?"

"ಸ್ವಲ್ಪ ಸಮಯ ಬೇಕಾಗುತ್ತೆ" ಎಂದೆ.

"ಸಂಜಿ ಮುಂದ ಮನ್ಯಾಗ ಯಾರೂ ಇರಂಗಿಲ್ರಿ. ಸಾಲಿ ಚಲೋ ಐತಿ ಅಂತ ಇಲ್ಲಿ ಇಟ್ಕೊಂಡಿದ್ವಿ. ಕಲಿಯಂಗಿಲ್ಲ ಅಂದ್ರ ಊರಾಗ ಅಜ್ಜಿ ಕಡೆ ಬಿಡ್ತೀವಿ. ದಸರಾಕ್ಕ ಕರ್ಕೊಂಡ ಹೋದ್ರ ಆತು, ಅಲ್ಲೇ ಸಾಲಿಗೆ ಹಚ್ತೀವಿ." ಫೋನು ಬಡಿದುಕೊಂಡಿತು. "ಆರ್ಡರ್ ಬಂತ್ರಿ" ಎಂದು ಹೆಲ್ಮೆಟ್ ಏರಿಸಿದರು.

"ರಜೆಗೆ ಮುಂಚೆ, ಶಾಲೆಯಲ್ಲಿ ಆಯುಧ ಪೂಜೆ ಇರುವ ದಿನ ಒಂದು ಸಲ ಬಂದು ಕ್ಲಾಸ್ ನೋಡಿ. ಆಮೇಲೆ ತೀರ್ಮಾನ ಮಾಡಿ" ಎಂದೆ. ನಾನು ಸಾಮಾನ್ಯವಾಗಿ ಯಾರಿಗೂ ಹಾಗೆ ಒತ್ತಾಯಿಸಿ ಹೇಳುವವಳಲ್ಲ. ಅವರು ತಲೆ ಆಡಿಸಿ ಗಾಡಿ ತಿರುಗಿಸಿದರು.

ಅದೇ ವಾರ ಗೆಳತಿಗೆ ಜ್ವರ ಬಂದು ರಜೆ ಹಾಕಿದಳು. ಬೆಂಚಿನಲ್ಲಿ ಇವಳೊಬ್ಬಳೇ. ಟ್ಯಾಬ್ ತೊಡೆಯ ಮೇಲೆ, ಕೈ ಅದರ ಪಕ್ಕದಲ್ಲಿ. ನಾನು ಹೋಗಿ ಜೊತೆಗೆ ಕೂತೆ. ತೆರೆಯ ಮೇಲೆ ಬಾಳೆಹಣ್ಣಿನ ಚಿತ್ರ, ಕೆಳಗೆ ಮೂರು ಪದ. ಅವಳ ಬೆರಳು ಸರಿಯಾದ ಪದದ ಮೇಲೆ ಹೋಯಿತು, ಮುಟ್ಟಲಿಲ್ಲ. ಖಾಲಿ ಜಾಗದ ಕಡೆ ಒಮ್ಮೆ ನೋಡಿದಳು. ಬೆರಳು ಹಿಂದಕ್ಕೆ ಬಂತು.

"ಒತ್ತು" ಎಂದೆ.

"ಆಕಿ ಬರ್ಲಿ ಮಿಸ್."

"ಅವಳು ಯಾಕೆ ಬರಬೇಕು? ಇದು ನಿನ್ನ ಅಳಿಲು."

"ಆಕೀದು ಇನ್ನಾ ಕೆಳಗ ಐತ್ರೀ." ಗಂಟಲ ಒಳಗೇ ಹೇಳಿದಳು. "ಪಕ್ಕದವರದು ನೋಡಿ ಆಮ್ಯಾಲೆ ಅಂತ ನೀವಾ ಹೇಳೀರಲ್ರೀ."

 ಮಳೆಗಾಲವೆಲ್ಲ ಈ ಹುಡುಗಿ ಹಿಂದೆ ಉಳಿದದ್ದು ಓದಲು ಬಾರದೆ ಅಲ್ಲ. ಪಂಕ್ತಿಯಲ್ಲಿ ಕೂತಿದ್ದಳು. ಪಕ್ಕದ ಎಲೆಗೆ ಬಡಿಸುವುದನ್ನು ಕಾಯುತ್ತಿದ್ದಳು.

ನನ್ನ ಟ್ಯಾಬ್ ತಂದು ಬಹಳ ಮೇಲಿನ ಕೊಂಬೆಯ ಕಥೆಯೊಂದನ್ನು ತೆರೆದೆ. "ಇದು ನನ್ನದು. ನನಗೆ ಓದಿ ಹೇಳು" ಎಂದೆ. ನನ್ನದಾದರೆ ಅಡ್ಡಿ ಇರಲಿಲ್ಲ. ಬಾವಿಗೆ ಬಿದ್ದ ಆಮೆಯ ಕಥೆಯನ್ನು ಒತ್ತಕ್ಷರವೂ ಸೇರಿದಂತೆ ಎಲ್ಲೂ ಎಡವದೆ ಓದಿದಳು. ಆಮೆ ಮಾತಾಡುವ ಕಡೆ ದನಿಯನ್ನೂ ಬದಲಿಸಿದಳು. ನನ್ನ ತರಗತಿಯಲ್ಲಿ ಅಷ್ಟು ಚೆನ್ನಾಗಿ ಓದುವವರು ಇನ್ನೊಬ್ಬರು ಇರಲಿಲ್ಲ.

ಇನ್ನೇನು ಮುಗಿಯಿತು ಎಂದುಕೊಂಡೆ. ಮುಗಿಯಲಿಲ್ಲ. ಅವಳದೇ ಟ್ಯಾಬ್ ಕೊಟ್ಟರೆ ಮತ್ತೆ ಕೈ ಕಟ್ಟಿದಳು. ಇದು ಊಟ ಅಲ್ಲ, ಪಾಠ ಎಂದೆ. ಟ್ಯಾಬಿನಲ್ಲಿ ಎಲ್ಲರಿಗೂ ಮೊದಲೇ ಬಡಿಸಿ ಆಗಿದೆ ಎಂದೆ.  ಒಂದು ಕಡೆ ಸರಿಯಾದದ್ದು ಇನ್ನೊಂದು ಕಡೆ ಹೇಗೆ ತಪ್ಪಾಗುತ್ತದೆ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು.  ಪಕ್ಕದವರಿಗಾಗಿ ಕಾಯುವ ಆ ಗುಣವನ್ನು ಅವಳಿಂದ ಬಿಡಿಸಲು ನನಗೆ ಮನಸ್ಸಿರಲಿಲ್ಲ.

ಮರುದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ಹೊಳೆಯಿತು. ಪಂಕ್ತಿಯಲ್ಲಿ ಕೂರದೆ ಮುಂದೆ ಮುಂದೆ ಹೋಗಬಹುದಾದವರು ಒಬ್ಬರಿದ್ದಾರೆ. ಬಡಿಸುವವರು.

ಗೆಳತಿ ಜ್ವರ ಬಿಟ್ಟು ಬಂದ ದಿನ ತರಗತಿಗೆ ಹೊಸ ನಿಯಮ ಹೇಳಿದೆ. ಮೊದಲು ಹೆಡ್‌ಫೋನ್ ಹಾಕಿಕೊಂಡು ಅವರವರ ಮರ. ಪೀರಿಯಡ್ಡಿನ ಕೊನೆಯಲ್ಲಿ ಹೆಡ್‌ಫೋನ್ ತೆಗೆದು, ಮೇಲೆ ಹೋದವರು ಅಲ್ಲಿಂದ ತಂದದ್ದನ್ನು ಕೆಳಗಿನವರಿಗೆ ಬಡಿಸಬೇಕು.

 ಗದಗದ ಹುಡುಗಿ, ಆ ವರ್ಷ ಮೊದಲ ಸಲ, ತಾನಾಗಿ ಕೈ ಎತ್ತಿದಳು. "ಮಿಸ್, ಸೌಟು?"

ಮಕ್ಕಳೆಲ್ಲ ನಕ್ಕರು. ನಾನು ನಗಲಿಲ್ಲ. ಅಡುಗೆಕೋಣೆಗೆ ಹೋಗಿ ಒಂದು ಸ್ಟೀಲ್ ಸೌಟು ಕೇಳಿ ತಂದೆ. ಅವಳ ಬೆಂಚಿನ ಮೇಲೆ ಇಟ್ಟೆ. ಅವಳು ಅದನ್ನು ಸರಿಯಾಗಿ ಪಕ್ಕಕ್ಕಿಟ್ಟುಕೊಂಡು, ಟ್ಯಾಬ್ ಎತ್ತಿ, ಬಾಳೆಹಣ್ಣನ್ನು ಒತ್ತಿದಳು.

ಅಳಿಲು ಹತ್ತಿತು.

ಆ ಮೇಲಿನ ದಿನಗಳಲ್ಲಿ ನನ್ನ ತರಗತಿ ಗಲಾಟೆಯ ತರಗತಿಯಾಯಿತು. ಎಲ್ಲರಿಗೂ ಸೌಟು ಬೇಕು. ಹೆಡ್‌ಮಿಸ್ ಬಂದು, "ಅಳಿಲಾಯ್ತು, ಈಗ ಸೌಟು. ನಾಳೆ ಒಲೆ ತರಿಸ್ತೀಯಾ?" ಎಂದರು. ಆದರೆ ಬಾಗಿಲಲ್ಲೇ ನಿಂತು ಪೀರಿಯಡ್ಡು ಮುಗಿಯುವ ತನಕ ನೋಡಿದರು. ಬೆಂಚಿನ ಗೆಳತಿಯ ಗತ್ತಂತೂ ಹೇಳುವ ಹಾಗಿಲ್ಲ. "ಏ, ಬೇಗ ಬಡ್ಸೇ, ನಂಗೆ ಹಸಿವು!" ಎಂದು ಕೂಗಿ, ತನಗೆ ಬಡಿಸಿದ ಒಂದೊಂದು ಪದವನ್ನೂ ಗಟ್ಟಿಯಾಗಿ ಹೇಳಿ, ತನ್ನ ಅಳಿಲನ್ನೂ ಮೂರನೇ ಕೊಂಬೆಗೆ ಎಳೆದಳು.

ಪೂಜೆ ದಿನ ಟ್ಯಾಬ್‌ಗಳನ್ನೆಲ್ಲ ಸಾಲಾಗಿ ಜೋಡಿಸಿದೆವು. "ಕ್ಯಾಮೆರಾ ಮೇಲೆ ಕುಂಕುಮ ಹಚ್ಚಬೇಡ್ರೋ!" ಎಂದು ಹೆಡ್‌ಮಿಸ್ ಕೂಗುವಷ್ಟರಲ್ಲಿ ಒಂದೆರಡಕ್ಕೆ ಹಚ್ಚಿಯೂ ಆಗಿತ್ತು. ಮಂಗಳಾರತಿ, ಪುರಿ, ಬಾಳೆಹಣ್ಣು ಎಲ್ಲ ಆದ ಮೇಲೆ ಸ್ವಲ್ಪ ಹೊತ್ತು ಟ್ಯಾಬ್ ಕೊಟ್ಟೆ. ಆಗಲೇ ಆ ಅಪ್ಪ ಬಂದರು. ಹೆಲ್ಮೆಟ್ ಕೈಯಲ್ಲಿ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಂತರು. ಮಗಳು ಅವರನ್ನು ನೋಡಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ತನ್ನ ಮರದಲ್ಲಿದ್ದಳು.

ಅವರ ಫೋನು ಟಿಣ್ ಎಂದಿತು. ತೆಗೆದು ನೋಡಲಿಲ್ಲ. ಮತ್ತೆ ಟಿಣ್. ಸ್ವಲ್ಪ ಬಿಟ್ಟು ಇನ್ನೊಮ್ಮೆ.

"ಆರ್ಡರ್ ಇದ್ದರೆ ಹೋಗಿ, ಪರವಾಗಿಲ್ಲ" ಎಂದು ಮೆಲ್ಲಗೆ ಹೇಳಿದೆ.

"ಲಾಗೌಟ್ ಮಾಡೇನ್ರಿ, ಆರ್ಡರ್ ಹೆಂಗ್ ಬರ್ತಾವ?" ಎಂದು ಜೇಬಿನಿಂದ ಫೋನು ತೆಗೆದರು. ಓದಿದರು. ಬೆರಳಿನಿಂದ ಮೇಲೆ ಕೆಳಗೆ ಸರಿಸಿದರು. "ಏಳನೇ ಕೊಂಬಿ. ಎಂಟನೇ ಕೊಂಬಿ. ಒಂಬತ್ತು..." ಅವರು ಹೇಳುತ್ತಿದ್ದಂತೆಯೇ ಮತ್ತೊಂದು ಟಿಣ್.

ಅಷ್ಟರಲ್ಲಿ ಮಗಳು ಹೆಡ್‌ಫೋನ್ ತೆಗೆದು, ಸೌಟು ಕೈಗೆತ್ತಿಕೊಂಡು, ಗೆಳತಿಯ ಕಡೆ ತಿರುಗಿ ಕಥೆ ಓದಲು ಶುರು ಮಾಡಿದ್ದಳು. ಹಿಂದಿನ ಗೋಡೆಯ ತನಕ ಕೇಳುವ ದನಿ. ಅಪ್ಪ ಅದನ್ನು ಪೂರ್ತಿ ಕೇಳಿದರು. ಮುಗಿದ ಮೇಲೆ ಹೆಲ್ಮೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಸೌಟ ಯಾಕ್ರಿ ಅಕ್ಕೋರ?" ಎಂದರು. ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಕಣ್ಣೂ ಒರೆಸಿಕೊಂಡರು.

"ಹಬ್ಬಕ್ಕ ಊರಿಗೆ ಹೋಗ್ತೀವ್ರಿ" ಎಂದರು ಹೊರಡುವಾಗ. "ಮೂರೂ ಮಂದಿ ಹೋಗಿ, ಮೂರೂ ಮಂದಿ ಬರ್ತೀವಿ."

ಆ ಸಂಜೆ ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿದವಳು ವಿಜಯನಗರದಲ್ಲಿ ಇಳಿಯುವುದನ್ನು ಮರೆತೆ. ಹೊಸಹಳ್ಳಿಯಲ್ಲಿ ಇಳಿದು ಮನೆಗೆ ನಡೆದೆ. ದಾರಿಯುದ್ದಕ್ಕೂ ನಗುತ್ತಿದ್ದೆ ಎಂದು ಕಾಣುತ್ತದೆ, ಹೂವಿನ ಅಂಗಡಿಯಾಕೆ "ಏನ್ ಸಮಾಚಾರ?" ಎಂದು ಕೇಳಿದರು. ಏನಿಲ್ಲ ಎಂದೆ.

ರಜೆ ಮುಗಿದು ಶಾಲೆ ತೆರೆದ ದಿನ ಗದಗದ ಹುಡುಗಿ ಎಲ್ಲರಿಗಿಂತ ಮೊದಲು ಬಂದು ಬೆಂಚಿನಲ್ಲಿ ಕೂತಿದ್ದಳು. ಆ ವಾರವೇ ಟ್ಯಾಬಿನಲ್ಲಿ ಲೆಕ್ಕದ ಮರ ಶುರುವಾಯಿತು. ಅಪ್ಪನ ಟೈಲರ್ ಅಂಗಡಿಯಲ್ಲಿ ಅಳತೆ ಟೇಪು ಹಿಡಿದು ಬೆಳೆದ ಗೆಳತಿ ಒಂದೇ ಉಸಿರಿಗೆ ನಾಲ್ಕು ಕೊಂಬೆ ಹತ್ತಿ, ಹೆಡ್‌ಫೋನ್ ಕಿತ್ತು, ಕೈ ಚಾಚಿದಳು.

"ಸೌಟು ಕೊಡೇ. ಇವತ್ತು ನಾನು ಬಡಿಸೋದು."

ಅವಳು ಕೊಟ್ಟಳು. ಕೊಟ್ಟು, ತಟ್ಟೆ ಒಡ್ಡುವ ಹಾಗೆ ತನ್ನ ಟ್ಯಾಬನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು.