ಹಳದಿ ಬಕೆಟ್ಟಿನ ದ್ರಾಕ್ಷಿ

ದ್ರಾಕ್ಷಿಯ ವಿಷಯದಲ್ಲಿ ಸಿಂಚನಾಗೆ ಯಾರೂ ಪಾಠ ಹೇಳುವಂತಿರಲಿಲ್ಲ. ಹೇಳಿದರೂ ಕೇಳುವ ಪೈಕಿಯಲ್ಲ ಅವಳು. ವಿಜಯಪುರದ ಪಕ್ಕದ ಟಿಕೋಟಾದ ಹುಡುಗಿ. ಅಜ್ಜಿ ಅಂಬವ್ವ ಮೂವತ್ತು ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸಿದವಳು. ಬೂಷ್ಟು ಹಿಡಿದ ಒಂದೇ ಒಂದು ಕಾಳು ಅಂಬವ್ವನ ಕಣ್ಣು ತಪ್ಪಿಸಿ ಡಬ್ಬ ಸೇರಿತೆಂದರೆ ಊರೇ ನಂಬುತ್ತಿರಲಿಲ್ಲ. ಮೊಮ್ಮಗಳಿಗೆ ಆ ಕಣ್ಣು ಬಂದಿತ್ತು. ಕಣ್ಣಿನ ಜೊತೆಗೆ ಒಂದು ಸೇರು ಜಂಬವೂ ಬಂದಿತ್ತು.

ಈಗ ಅವಳು ಜರ್ಮನಿಯ ಬಾನ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ, ಥೀಸಿಸ್ ಒಂದು ಬಾಕಿ. ಅದಕ್ಕಿಂತ ದೊಡ್ಡ ಬಾಕಿ ಎಂದರೆ ಕೋಣೆ. ಸೆಪ್ಟೆಂಬರಿನಲ್ಲಿ ಹಳೆಯ ಕೋಣೆ ಬಿಡಬೇಕಾಯಿತು. ಆಮೇಲೆ ಗೆಳತಿ ಲಾವಣ್ಯಾಳ ಸೋಫಾ. ಸೋಫಾಕ್ಕೆ ವಿಳಾಸವಿಲ್ಲವಲ್ಲ! ಜರ್ಮನಿಯಲ್ಲಿ ಮನೆ ಮಾಲೀಕರು ಸಹಿ ಮಾಡಿದ ಕಾಗದ ಇದ್ದರೆ ಮಾತ್ರ ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಅದಿದ್ದರೆ ಮಾತ್ರ ವೀಸಾ ನವೀಕರಣ. ಅವಳ ಅಪಾಯಿಂಟ್‌ಮೆಂಟ್ ನವೆಂಬರ್ ಆರಕ್ಕೆ. ಅಷ್ಟರೊಳಗೆ ಕಾಗದ ಸಿಗದಿದ್ದರೆ ಓದು ಅರ್ಧಕ್ಕೇ ನಿಂತು ಗಂಟುಮೂಟೆ ಕಟ್ಟುವುದೇ.

ಇಂಥ ಹೊತ್ತಿನಲ್ಲಿ ದೇವರು ಬಂದಂತೆ ಬಂದವರು ಫ್ರೌ ಕ್ಲಾಸೆನ್, ಅಂದರೆ ಶ್ರೀಮತಿ ಕ್ಲಾಸೆನ್. ರೈನ್ ನದಿಯ ದಂಡೆಯಲ್ಲಿ, ಹತ್ತಿದರೆ ಮಂಡಿ ಬಿಗಿಯುವಂಥ ಇಳಿಜಾರಿನಲ್ಲಿ, ಅವರ ದ್ರಾಕ್ಷಿತೋಟ. ಅರವತ್ತೇಳರ ವಿಧವೆ, ಮಾತು ಕಡಿಮೆ, ನೋಟ ಜಾಸ್ತಿ. ಅಕ್ಟೋಬರಿನ ಕೊಯ್ಲಿಗೆ ಬಂದ ಸಿಂಚನಾಳ ಕೈಚಳಕವನ್ನು ನಾಲ್ಕು ದಿನ ನೋಡಿ, ಐದನೆಯ ದಿನ ಅವರೇ ಅಂದರು: "ನೆಲಮಾಳಿಗೆಯ ಮೇಲಿನ ಕೋಣೆ ಖಾಲಿ ಇದೆ. ನವೆಂಬರಿನಿಂದ ಇರು. ಚಳಿಗಾಲದಲ್ಲಿ ವೈನ್ ಪೀಪಾಯಿಗಳ ಮೇಲೆ ಒಂದು ಕಣ್ಣಿಡು. ಗುರುವಾರ ಸಂಜೆ ಕಾಗದಕ್ಕೆ ಸಹಿ ಹಾಕ್ತೀನಿ."

ಆ ಗುರುವಾರವೇ ಈ ಕಥೆ ನಡೆದದ್ದು.

ತೋಟದಲ್ಲಿ ಸಿಂಚನಾಳ ಜೊತೆಗಾರ ತೊಮಾಸ್. ಚಿಲಿ ದೇಶದವನು, ಬೆನ್ನಿಗೊಂದು ಚೀಲ, ಕೈಯಲ್ಲಿ ವರ್ಕಿಂಗ್ ಹಾಲಿಡೇ ವೀಸಾ. ಒಂದು ವರ್ಷ ತಿರುಗು, ಕೈ ಖಾಲಿಯಾದರೆ ದುಡಿ, ಮತ್ತೆ ತಿರುಗು. ಜೂನಿನಲ್ಲಿ ಸ್ಟ್ರಾಬೆರಿ, ಜುಲೈನಲ್ಲಿ ಚೆರ್ರಿ, ಸೆಪ್ಟೆಂಬರಿನಲ್ಲಿ ಸೇಬು, ಈಗ ದ್ರಾಕ್ಷಿ. ನಮ್ಮವರಿಗೆ ಇಂಥ ವೀಸಾದ ಭಾಗ್ಯವಿಲ್ಲ ಬಿಡಿ. ತೊಮಾಸ್‌ನಂಥವರನ್ನು ಫ್ರೌ ಕ್ಲಾಸೆನ್ "ಚೀಲದವರು" ಎನ್ನುತ್ತಿದ್ದರು, ನಂಬುತ್ತಿರಲಿಲ್ಲ.

ಅಂದು ಬೆಳಿಗ್ಗೆ ಅವರು ತೋಟದ ತುದಿಯ ಏಳು ಗಿಡ್ಡ ಸಾಲುಗಳನ್ನು ಇವರಿಬ್ಬರಿಗೆ ಒಪ್ಪಿಸಿ, ಜರ್ಮನ್‌ನಲ್ಲಿ ಏನೇನೋ ವಿವರಿಸಿದರು. ಕೆಂಪು ಬಕೆಟ್ಟು, ಹಳದಿ ಬಕೆಟ್ಟು, ಇದು ಅಲ್ಲಿಗೆ, ಅದು ಇಲ್ಲಿಗೆ. ತೊಮಾಸ್ ಎರಡೆರಡು ಸಲ ಕೇಳಿ, ಅವರು ಹಿಡಿದು ತೋರಿಸಿದ ಗೊಂಚಲು ಮೂಸಿ, ತಲೆಯಾಡಿಸಿದ. ಸಿಂಚನಾ ಕೈಗವಸು ಏರಿಸಿಕೊಳ್ಳುತ್ತ "ಯಾ, ಯಾ" ಅಂದಳು. ದ್ರಾಕ್ಷಿ ಕೊಯ್ಯುವುದನ್ನು ಟಿಕೋಟಾದವಳಿಗೆ ಹೇಳಿಕೊಡುತ್ತಾರಂತೆ!

ಮೊದಲ ಗಿಡದಲ್ಲೇ ಅವಳ ಮೈ ಉರಿಯಿತು. ಅರ್ಧಕ್ಕರ್ಧ ಗೊಂಚಲು ಕಂದಿ, ಸುಕ್ಕಿ, ಮೇಲೆ ಬೂದಿ ಬಣ್ಣದ ಬೂಷ್ಟು. ಥೂ! ಕತ್ತರಿಸಿ ಕತ್ತರಿಸಿ ನೆಲಕ್ಕೆ ಒಗೆದಳು. ಹಸಿರು ಹೊಳೆಯುವ ಹಣ್ಣನ್ನು ಮಾತ್ರ ಎರಡೂ ಬಕೆಟ್ಟಿಗೆ ತುಂಬಿದಳು. ಸಾಲಿನ ಆ ಬದಿಯಿಂದ ತೊಮಾಸ್ ತಲೆ ಹಾಕಿದ.

"ಇದು ಹಳದಿ ಬಕೆಟ್ಟಿಗೆ ಅಲ್ವಾ? ಅವರು ಹಾಗೆ ಹೇಳಿದ ಹಾಗಿತ್ತು," ಅಂದ, ಇಂಗ್ಲಿಷಿನಲ್ಲಿ.

"ಇದು ಕೊಳೆತದ್ದು, ಕಾಣಲ್ವಾ? ಒಂದು ಹಣ್ಣು ಹೋದ್ರೆ ಇಡೀ ಡಬ್ಬ ಹಾಳು. ನಮ್ಮನೇಲಿ ಮೂರು ತಲೆಮಾರು ದ್ರಾಕ್ಷಿನೇ. ಎಸೆ."

ಅವನು ಒಂದು ಗಳಿಗೆ ಅನುಮಾನಿಸಿದ. ಫ್ರೌ ಕ್ಲಾಸೆನ್ ದಿನಾ ಹೊಗಳುವ ಹುಡುಗಿ ಇವಳು. ತಾನು ನಿನ್ನೆ ಮೊನ್ನೆ ಕತ್ತರಿ ಹಿಡಿದವನು. ಎಸೆದ.

ಹತ್ತು ಗಂಟೆಗೆ ನಾಲ್ಕು ಸಾಲು ಮುಗಿದಿತ್ತು. ಹಳದಿ ಬಕೆಟ್ಟು ನೋಡಲು ಹತ್ತಿಬಂದ ಫ್ರೌ ಕ್ಲಾಸೆನ್ ಅದರೊಳಗೆ ಕೈಯಾಡಿಸಿದರು, ಆಮೇಲೆ ನೆಲ ನೋಡಿದರು. ಬಗ್ಗಿ ಒಂದು ಬೂಷ್ಟು ಹಿಡಿದ ಗೊಂಚಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತುಳಿದು ಮಣ್ಣಾಗಿತ್ತು.

"ಆರು ವರ್ಷದಲ್ಲಿ ಒಂದು ಸಲ ಬರೋದು ಇದು. ಈ ಬೂಷ್ಟು ಹಣ್ಣಿನ ನೀರನ್ನೆಲ್ಲ ಹೀರಿ ಸಿಹಿ ಒಂದನ್ನೇ ಉಳಿಸುತ್ತೆ. ಆ ಸಿಹಿ ವೈನಿಗೇಂತಲೇ ಈ ಸಾಲುಗಳನ್ನ ಇಷ್ಟು ದಿನ ಕಾದೆ," ಅಂದರು. ನಂತರ ನೇರ ತೊಮಾಸ್ ಕಡೆಗೆ ತಿರುಗಿದರು. "ಎರಡು ಸಲ ಹೇಳಿದ್ದೆ ನಿನಗೆ! ಚೀಲದವರಿಗೆ ಇವತ್ತು ಈ ತೋಟ, ನಾಳೆ ಇನ್ನೊಂದು. ಹೊರಡು. ಈಗಲೇ."

ತೊಮಾಸ್ ಸಿಂಚನಾಳನ್ನು ಒಂದೇ ಒಂದು ಸಲ ನೋಡಿದ. "ಸಾರಿ," ಅಂದ ಫ್ರೌ ಕ್ಲಾಸೆನ್‌ಗೆ. ಕತ್ತರಿ ಬಕೆಟ್ಟಿನಲ್ಲಿಟ್ಟು ಇಳಿದುಹೋದ.

ಹೇಳು, ಹೇಳೇ ಎಂದು ಸಿಂಚನಾಳ ಒಳಗೆ ಯಾರೋ ತಿವಿಯುತ್ತಿದ್ದರು; ಕೋಣೆ, ಕಾಗದ, ನವೆಂಬರ್ ಆರು ಎಂದು ಇನ್ಯಾರೋ ಬಾಯಿ ಮುಚ್ಚುತ್ತಿದ್ದರು.

"ಉಳಿದ ಮೂರು ಸಾಲು ನೀನೇ ಮಾಡು," ಅಂದರು ಫ್ರೌ ಕ್ಲಾಸೆನ್. "ನಾಲ್ಕು ಗಂಟೆಗೆ ಮಳೆ. ನೆನೆದರೆ ಎಲ್ಲಾ ಹುಳಿ. ನಿನಗೆ ದ್ರಾಕ್ಷಿ ಗೊತ್ತು." ಏಪ್ರನ್ನಿನ ಜೇಬು ತಟ್ಟಿಕೊಂಡರು. "ಕಾಗದ ಇಲ್ಲೇ ಇದೆ, ಸಂಜೆ ನೋಡೋಣ."

ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಹಣ್ಣು ಹೊರುತ್ತಿದ್ದ ಮಹೇಶಕುಮಾರ ಎಲ್ಲ ನೋಡಿದ್ದ. ಬಾಗಲಕೋಟೆಯವನು, ಕಾಲೇಜಿನಲ್ಲಿ ಅವಳಿಗಿಂತ ಒಂದು ವರ್ಷ ಮುಂದೆ.

"ಅಂವಗ ನಾನೇ ಒಗಿ ಅಂತ ಹೇಳೀನಿ, ಮಹೇಶಣ್ಣ," ಅಂದಳು.

"ಗೊತ್ತದ. ಸುಮ್ನ ಇರು. ಅಂವ ಏನು ಇಲ್ಲೇ ಮನಿ ಕಟ್ಟಾಂವ ಏನು? ನಾಳೆ ಮತ್ತೊಂದು ಊರಿಗೆ ಹೊಕ್ಕಾನ. ನಿಂದು ಹಂಗಲ್ಲ. ಬಾಯಿ ಬಿಟ್ಟೆಂದ್ರ ಕೋಣಿನೂ ಹೋತು, ವೀಸಾನೂ ಹೋತು."

ಮಾತು ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಸಿಂಚನಾ ಐದನೆಯ ಸಾಲಿಗೆ ನಡೆದಳು. ಮೊದಲ ಗೊಂಚಲು ಕತ್ತರಿಸಿದಳು: ಕಂದು, ಸುಕ್ಕು, ಬೂಷ್ಟು. ಹಳದಿ ಬಕೆಟ್ಟಿಗೆ ಹಾಕಿದಳು. ಎರಡನೆಯದು ಕೂಡ ಕಂದು, ಸುಕ್ಕು, ಬೂಷ್ಟು. ಆದರೆ ಅದರ ಸುತ್ತ ಸಣ್ಣ ನೊಣ. ಇದೂ ಒಳ್ಳೆಯದೋ? ಅಥವಾ ಇದು ನಿಜವಾಗಿ ಕೊಳೆತದ್ದೋ? ಮೂಸಿದಳು, ಗೊತ್ತಾಗಲಿಲ್ಲ. ಕೆಟ್ಟದ್ದು ಒಂದು ಸೇರಿದರೂ ಪೀಪಾಯಿ ಹಾಳು. ಒಳ್ಳೆಯದನ್ನು ಬಿಟ್ಟರೆ ಉಳಿದಷ್ಟೂ ನೆಲದ ಪಾಲು. ಮೂರು ತಲೆಮಾರಿನ ದ್ರಾಕ್ಷಿ ಅವಳ ತಲೆಯಲ್ಲಿತ್ತು, ಆದರೆ ಅದು ಒಣಗಿಸುವ ದ್ರಾಕ್ಷಿ. ಈ ದ್ರಾಕ್ಷಿಯ ಗಂಧಗಾಳಿ ಅವಳಿಗಿರಲಿಲ್ಲ. ಯಾರನ್ನು ಕೇಳುವುದು? ಬೆಳಿಗ್ಗೆ ಗಮನವಿಟ್ಟು ಕೇಳಿಸಿಕೊಂಡವನು ಒಬ್ಬನೇ.

ಹಾಗೂ ಹೀಗೂ ಒಂದೂವರೆ ಗಂಟೆ ಕಳೆದಳು. ಹಸಿರು ಹಣ್ಣನ್ನಷ್ಟೇ ಕತ್ತರಿಸುತ್ತ, ಕಂದು ಗೊಂಚಲು ಮುಟ್ಟದೆ, ಕಳ್ಳಿಯ ಹಾಗೆ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿತ್ತು. ಕೆಳಗೆ ರಸ್ತೆಯಲ್ಲಿ ಚೀಲ ಹೊತ್ತ ಒಂದು ಆಕೃತಿ ಬಸ್ ಸ್ಟಾಪಿಗೆ ಹೋಗಿ ನಿಂತಿತು. ಬಸ್ಸು ಗಂಟೆಗೊಂದೇ.

ಕತ್ತರಿ ಎಸೆದು ಓಡಿದಳು. ಇಳಿಜಾರಿನಲ್ಲಿ ಎರಡು ಸಲ ಕುಂಡಿಯೂರಿ ಜಾರಿ, ಹಣ್ಣು ಹಿಂಡುವ ಶೆಡ್ಡಿನ ಬಾಗಿಲಲ್ಲಿ, ಫ್ರೌ ಕ್ಲಾಸೆನ್ ಎದುರು, ಏದುಸಿರು ಬಿಡುತ್ತ ನಿಂತಳು.

"ಅವನದಲ್ಲ ತಪ್ಪು. ಇದು ಹಳದಿ ಬಕೆಟ್ಟಿಗೆ ಅಲ್ವಾ ಅಂತಲೇ ಅವನು ಕೇಳಿದ. ಎಸೆ ಅಂದವಳು ನಾನು," ಅಂದಳು. ಜರ್ಮನ್ ತಡವರಿಸಿತು, ಇಂಗ್ಲಿಷಿಗೆ ಹಾರಿದಳು. "ಬೆಳಿಗ್ಗೆ ನೀವು ಹೇಳಿದ್ದು ನಾನು ಕೇಳಿಸಿಕೊಳ್ಳಲಿಲ್ಲ. ಈಗಲೂ ಯಾವುದು ಇಡಬೇಕು, ಯಾವುದು ಬಿಡಬೇಕು ನನಗೆ ಗೊತ್ತಿಲ್ಲ."

ಕೊನೆಯ ಮಾತು ಹೇಳುವುದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಫ್ರೌ ಕ್ಲಾಸೆನ್ ಅವಳನ್ನು ಸರಿಸಿ ಹೊರಗೆ ಬಂದು, ತೋಟದ ಮೋಟುಗೋಡೆಯ ಮೇಲೆ ಹತ್ತಿ ನಿಂತು, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರು. ಅರವತ್ತೇಳರ ಹೆಂಗಸು, ಕಣಿವೆಯೆಲ್ಲ ಕೇಳುವಂತೆ! ಬಸ್ಸು ಬಂದಾಗಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ ತೊಮಾಸ್ ತಿರುಗಿ ನೋಡಿದ. ಮತ್ತೊಂದು ಶಿಳ್ಳೆ. ಬಸ್ಸು ಅವನನ್ನು ಬಿಟ್ಟು ಹೋಯಿತು.

ಮೂವರೂ ಸಾಲಿಗೆ ಹತ್ತಿ ಬಂದರು. "ಜೇನಿನ ವಾಸನೆ ಬಂದರೆ ಇಡು, ವಿನೆಗರ್ ವಾಸನೆ ಬಂದರೆ ಬಿಡು," ಅಂದ ತೊಮಾಸ್. ಅಷ್ಟೇ ಇದ್ದದ್ದು. ಪ್ರತಿಯೊಂದು ಗೊಂಚಲನ್ನೂ ಮೂಸಿದಳು, ಅನುಮಾನ ಬಂದಾಗಲೆಲ್ಲ ಕೇಳಿದಳು; ಹತ್ತು ಸಲ, ಇಪ್ಪತ್ತು ಸಲ. ಅವನು ಒಂದು ಸಲವೂ ಬೇಸರಿಸಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಕೊನೆಯ ಬಕೆಟ್ಟು ಮಹೇಶಕುಮಾರನ ಬೆನ್ನಿನ ಬುಟ್ಟಿಗೆ ಬಿತ್ತು. ಅವನು ಶೆಡ್ಡು ಸೇರುವಷ್ಟರಲ್ಲಿ ದಪ್ಪ ಹನಿ ಶುರುವಾಯಿತು.

ಹಣ್ಣು ಹಿಂಡಿದ ಮೇಲೆ ಫ್ರೌ ಕ್ಲಾಸೆನ್ ಒಂದು ಲೋಟದಲ್ಲಿ ರಸ ಹಿಡಿದು ಸಿಂಚನಾಗೆ ಕೊಟ್ಟರು. "ಕುಡಿ. ಬೆಳಿಗ್ಗೆ ಏನು ಎಸೆದೆ ಅಂತ ತಿಳೀಲಿ."

ಕುಡಿದಳು. ಅಯ್ಯೋ ಶಿವನೇ! ಅಂಥ ಸಿಹಿಯನ್ನು ಟಿಕೋಟಾದ ಯಾವ ತೋಟದಲ್ಲೂ ಅವಳು ಕಂಡಿರಲಿಲ್ಲ. ನಾಲ್ಕು ಸಾಲು ಇದನ್ನೇ ತುಳಿದು ಬಂದಿದ್ದಳು. ಲೋಟ ಹಿಡಿದೇ ಬಿಕ್ಕಿದಳು.

ಫ್ರೌ ಕ್ಲಾಸೆನ್ ಜೇಬಿನಿಂದ ಕಾಗದ ತೆಗೆದರು. ಸಿಂಚನಾಳ ಹೆಸರು ಬರೆದಾಗಿತ್ತು, ಸಹಿಯ ಜಾಗ ಖಾಲಿ. ಅದನ್ನು ನಾಲ್ಕು ಮಡಿಕೆ ಮಡಿಸಿ ಶೆಡ್ಡಿನ ಮೂಲೆಯ ಒಲೆಗೆ ಹಾಕಿದರು.

"ಚಳಿಗಾಲವೆಲ್ಲ ಪೀಪಾಯಿ ಪಕ್ಕ ಇರೋರು ಗೊತ್ತಿಲ್ಲದ್ದನ್ನ ಆ ಕ್ಷಣವೇ ಬಂದು ಹೇಳಬೇಕು. ನೀನು ಹೇಳಿದೆ, ಸರಿ. ಆದರೆ ತಡವಾಗಿ ಹೇಳಿದೆ. ಪೀಪಾಯಿ ಅಷ್ಟು ಹೊತ್ತು ಕಾಯಲ್ಲ." ಒಲೆಯ ಬಾಗಿಲು ಮುಚ್ಚಿ ಅಂದರು: "ಕೊಯ್ಲು ಮುಗಿಯೋವರೆಗೆ ಇರು. ನಾಳೆ ಆರೂವರೆಗೆ ಬಾ."

ಹೊರಗೆ ಸೂರಿನಡಿ ತೊಮಾಸ್ ಬೂಟಿನ ಕೆಸರು ಕೆರೆಯುತ್ತ ಕೂತಿದ್ದ. ಅವಳ ಮುಖ ನೋಡಿಯೇ ಅವನಿಗೆ ತಿಳಿಯಿತು.

"ನೀನು ಸುಮ್ಮನಿದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಕೊಲೋನ್‌ನಲ್ಲಿ ಬಿಯರ್ ಕುಡೀತಿದ್ದೆ, ನಿನಗೆ ಕೋಣೆ ಇರ್ತಿತ್ತು," ಅಂದ.

"ಆ ಮೂರು ಸಾಲಿನ ಹಣ್ಣೂ ನೆಲದ ಪಾಲಾಗ್ತಿತ್ತು," ಅಂದಳು ಸಿಂಚನಾ. "ಕೋಣೆ ಇನ್ನೊಂದು ಹುಡುಕಬಹುದು."

ಅಂದದ್ದೇನೋ ಅಂದಳು. ಹುಡುಕಲು ಉಳಿದಿದ್ದದ್ದು ಹತ್ತೊಂಬತ್ತು ದಿನ. ಅದು ನೆನಪಾಗಿ, ಅವನ ಪಕ್ಕ ಕೂತು ಮತ್ತೆ ಅತ್ತಳು.