ತಾಡಪತ್ರಿಯ ಡೇರೆ

ಹಾವೇರಿ ಹತ್ತಿರದ ಕೆರೆಯ ದಂಡೆಯಲ್ಲಿ ಇವತ್ತು ಬಾಡಿಗೆ ಟೆಂಟ್ ಹಾಕಿಸಿ ಕಾಲು ಚಾಚಿದ್ದೆ. ಮಗಳು ಒಳಗೆ ಬಂದವಳೇ ಸೀನಿದಳು. "ಅಪ್ಪಾ, ನಿನ್ನ ಅಂಗಿ ಮೆಣಸಿನಕಾಯಿ ಘಾಟು ಹೊಡಿಯಾಕತ್ತೈತಿ!"

ಬ್ಯಾಡಗಿ ಪೇಟೆಯಲ್ಲಿ ನಮ್ಮಪ್ಪನದೂ ಇದೇ ಮೆಣಸಿನಕಾಯಿ ವ್ಯಾಪಾರ. ಸೀಜನ್ ಮುಗಿದ ಮೇಲೆ ಒಮ್ಮೆ ನಮ್ಮನ್ನು ಇದೇ ಕೆರೆಗೆ ಕರೆತಂದಿದ್ದ. ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಪಾಠದ ಪುಸ್ತಕದ ಚಿತ್ರದಲ್ಲಿದ್ದಂಥ ಡೇರೆ ಬೇಕೆಂದು ನಾನೂ ತಂಗಿಯೂ ಹಟ ಹಿಡಿದಿದ್ದೆವು. ಅಪ್ಪ ಮೆಣಸಿನಕಾಯಿ ರಾಶಿಗೆ ಹೊದಿಸುವ ತಾಡಪತ್ರಿಯನ್ನೇ ತಂದು ಬೇವಿನ ಮರಗಳ ನಡುವೆ ಕಟ್ಟಿದ. ಕುಣಿಯುತ್ತ ಒಳಗೆ ಓಡಿದ ನಾವು ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಬಂದೆವು.

"ಅಲ್ರೀ, ಝಾಡಿಸ್ಯರ ತರಬಾರದೇನ್ರಿ?" ಅವ್ವ ಸಿಡುಕಿದಳು.

"ಝಾಡಿಸೇ ತಂದೇನಿ. ನನಗೇನೂ ಘಾಟು ಬರವಲ್ದು."

ಹಾಗೆಂದು ಒಳಗೆ ಹೋಗಿ ಅಡ್ಡಾದ ಅಪ್ಪ ಸಂಜೆಯವರೆಗೂ ಏಳಲಿಲ್ಲ. ಈಜು ಕಲಿಸುತ್ತೇನೆಂದು ಮಾತು ಕೊಟ್ಟಿದ್ದ. ಎಬ್ಬಿಸಲು ಹೋದರೆ ಅವ್ವ ತಡೆದಳು: "ಮಕ್ಕೊಳ್ಳಿ ಬಿಡ್ರೆಪಾ, ದಣದಾರ." ಆ ಸಿಟ್ಟು ನನ್ನಲ್ಲಿ ಬಹಳ ವರ್ಷ ಉಳಿದಿತ್ತು.

ಮಗಳು ಈಗ ನೀರಿಗೆ ಬಾ ಎಂದು ಕರೆಯುತ್ತಿದ್ದಾಳೆ. ಮಲಗಿದಲ್ಲೇ ಅಂಗಿಯ ತೋಳು ಮೂಸಿ ನೋಡಿಕೊಂಡೆ.

ನನಗೇನೂ ಘಾಟು ಬರಲಿಲ್ಲ.