ಡಿಸ್ಕಿನ ಮುಂದೆ ಒಂದು ಲೋಟ ನೀರು

ಕೆ.ಬಿ. ಬಡಾವಣೆಯ ಅಂಜನಕುಮಾರನಿಗೆ ಹೇಸಿಗೆ ಹುಟ್ಟುಗುಣ. ಹೋಟೆಲಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ನೀರು ಕುಡಿದವನಲ್ಲ. ದೋಸೆ ತಟ್ಟೆಯ ಅಂಚಿನಲ್ಲಿ ಯಾರದೋ ಬೆರಳಿನ ಗುರುತು ಕಂಡರೆ ಮುಗಿಯಿತು, ಹಸಿದ ಹೊಟ್ಟೆಯಲ್ಲೇ ಎದ್ದು ಬರುವ ಆಸಾಮಿ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸ. ಗ್ರೀಸ್ ಹತ್ತಿದ ಕೈಯಿಂದ ಗಿರಾಕಿಗಳು ಕೊಟ್ಟ ನೋಟನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಡ್ರಾಯರಿಗೆ ಬಿಡುತ್ತಾನೆ, ಸತ್ತ ಹಲ್ಲಿಯನ್ನು ಎಸೆದ ಹಾಗೆ. ಅವನ ತಾಯಿ ಭೀಮವ್ವ ಬದುಕಿದ್ದಾಗ, ಇವನು ಮೂಗು ಮುಚ್ಚಿಕೊಂಡೇ ಹುಟ್ಟಿದವನು ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಂಗಡಿಯವರು ಗುಜರಿಗೆ ಹಾಕಲಿದ್ದ ಹಳೆಯ ಕಂಪ್ಯೂಟರನ್ನು ಅವನು ಮನೆಗೆ ತಂದು, ಒರೆಸಿ, ಸರ್ವರ್ ಮಾಡಿಕೊಂಡಿದ್ದ. ನಡುಮನೆಯ ಮೂಲೆಯಲ್ಲಿ ಅದು ಸದಾ ಗುಂಯ್‌ಗುಡುತ್ತಿತ್ತು. ಮನೆಮಂದಿಯ ಫೋನಿನ ಫೋಟೊಗಳೆಲ್ಲ ತಾವಾಗಿಯೇ ಹೋಗಿ ಅದರೊಳಗೆ ಕೂರುತ್ತಿದ್ದವು. ಆದರೆ ಅವನು ಜೀವ ಇಟ್ಟುಕೊಂಡಿದ್ದದ್ದು ಅದರಲ್ಲಿದ್ದ ಭೀಮವ್ವನ ಸೋಬಾನೆ ಪದಗಳ ಮೇಲೆ. ಆಕೆಯ ಊರು ಆವರಗೆರೆಯಲ್ಲಿ ಯಾರ ಮನೆಯ ಮದುವೆಯಾದರೂ ಅರಿಶಿಣ ಹಚ್ಚುವಾಗ ಭೀಮವ್ವನೇ ಪದ ಎತ್ತಿಕೊಡಬೇಕಿತ್ತು. ಸಾಯುವ ಹಿಂದಿನ ವರ್ಷ ಮಗ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಅವನ್ನೆಲ್ಲ ರೆಕಾರ್ಡ್ ಮಾಡಿದ್ದ.

ಮಾಡಿದ್ದನ್ನು ಇದ್ದ ಹಾಗೆಯೇ ಒಂದು ಸಣ್ಣ ಡಿಸ್ಕಿಗೂ ಹಾಕಿ, ಹರಿಹರದಲ್ಲಿದ್ದ ತಂಗಿ ಸುನೀತಾಳ ಮನೆಯಲ್ಲಿಟ್ಟ. ಒಂದು ಮನೆಗೆ ಬೆಂಕಿ ಬಿದ್ದರೂ ಇನ್ನೊಂದು ಮನೆಯಲ್ಲಿ ಉಳಿಯಲಿ ಎಂಬ ಲೆಕ್ಕ. ಕೊಡುವಾಗ, "ಇದ್ರಾಗೆ ಅವ್ವ ಅದಾಳೆ, ಜ್ವಾಪಾನ" ಎಂದು ಹೇಳಿದ್ದ. ಆಮೇಲೆ ಮನೆಯ ಸರ್ವರಿನಲ್ಲಿದ್ದ ರೆಕಾರ್ಡಿನಿಂದ ಕೆಮ್ಮು, ಫ್ಯಾನಿನ ಸದ್ದು, ನಡುನಡುವಿನ ಮಾತು ಎಲ್ಲವನ್ನೂ ಕಸವೆಂದು ಕತ್ತರಿಸಿ ಪದಗಳನ್ನು ಶುದ್ಧ ಮಾಡಿಕೊಂಡ. ಆ ಶುದ್ಧ ಪದಗಳನ್ನೂ ಇನ್ನೊಂದು ಕಡೆ ಇಡಬೇಕೆಂಬುದು ಮಾತ್ರ ಇವತ್ತು ನಾಳೆ ಎಂದು ಮುಂದಕ್ಕೆ ಹೋಯಿತು.

ದೀಪಾವಳಿ ಕಳೆದ ಮೇಲೆ ಮಗಳು ಸಹನಾಳ ಮದುವೆ. ಅರಿಶಿಣದ ದಿನ ಅಜ್ಜಿಯ ದನಿಯಲ್ಲೇ ಪದ ಕೇಳಿಸಬೇಕು, ತನಗೆ ಬೇರೆ ಉಡುಗೊರೆ ಬೇಡ ಎಂದು ಅವಳು ಅಪ್ಪನನ್ನು ಕೇಳಿಕೊಂಡಿದ್ದಳು. ಹಾಗಾಗಿ ಆಯುಧಪೂಜೆಯ ದಿನ ಅವನಿಗೆ ಸರ್ವರಿನ ಮೇಲೆ ಭಕ್ತಿ ಉಕ್ಕಿತು. ಬೇರೆ ವರ್ಷಗಳಲ್ಲಿ ಪೆಟ್ಟಿಗೆಗೆ ವಿಭೂತಿ ಎಳೆದು ಹೂವಿಟ್ಟು ಮುಗಿಸುತ್ತಿದ್ದವನು, ಹೊರಗಿನ ತಗಡಿಗೆ ಪೂಜೆ ಮಾಡಿ ಏನು ಬಂತು, ದುಡಿಯುವುದು ಒಳಗಿನ ಡಿಸ್ಕಲ್ಲವೇ ಎಂದು ಸ್ವಿಚ್ ಆರಿಸಿ ಮುಚ್ಚಳವನ್ನೇ ಬಿಚ್ಚಿದ. ಒದ್ದೆ ವಿಭೂತಿಯನ್ನೂ ಕುಂಕುಮವನ್ನೂ ಡಿಸ್ಕಿಗೇ ಬಳಿದ. ಹೆಂಡತಿ ಮೀನಾಕ್ಷಿ ಕಾಯಿಯನ್ನು ಹೊಸ್ತಿಲ ಹತ್ತಿರ ಒಡೆಯಿರಿ ಎಂದು ಬೇಡಿಕೊಂಡಳು. ಕೇಳುವ ಗಂಡಸೇ? ಅಲ್ಲೇ ಕಲ್ಲಿಟ್ಟು ಕುಟ್ಟಿದ. ಕಾಯಿ ನೀರು ಚಿಮ್ಮಿ ನೇರವಾಗಿ ಪೆಟ್ಟಿಗೆಯೊಳಕ್ಕೆ ಹೋಯಿತು. ಪಂಚೆಯ ಚುಂಗಿನಿಂದ ಒರೆಸಿ, ಆರುವಷ್ಟೂ ತಾಳದೆ ಸ್ವಿಚ್ ಹಾಕಿದ. ಟಪ್ಪೆಂದು ಸದ್ದಾಗಿ ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

ರಿಪೇರಿ ಅಂಗಡಿಯ ಇಜಾಜ್, ಡಿಸ್ಕಿಗೆ ಮೆತ್ತಿದ್ದ ಕುಂಕುಮ ನೋಡಿ ತುಟಿ ಕಚ್ಚಿಕೊಂಡು ನಗು ತಡೆದ. ಹಬ್ಬದ ಮರುದಿನ ಹೂವಿನ ಸಮೇತ ಪ್ರಿಂಟರುಗಳು ಬಂದದ್ದುಂಟು, ಡಿಸ್ಕು ಇದೇ ಮೊದಲು ಎಂದ. ವಾರವಿಡೀ ಇಟ್ಟುಕೊಂಡು ಒದ್ದಾಡಿದ. ಕೊನೆಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವಾಪಸು ಕೊಡುತ್ತಾ, "ಇದ್ರಾಗೆ ಇನ್ನೇನೂ ಸಿಗಲ್ಲ ಸರ್. ಬ್ಯಾರೆ ಕಡೆ ಕಾಪಿ ಐತಾ ನೋಡ್ರಿ" ಎಂದುಬಿಟ್ಟ.

ಅಂಗಡಿಯ ಲ್ಯಾಪ್‌ಟಾಪನ್ನು ಎರವಲು ತಂದುಕೊಂಡು ಅಂಜನಕುಮಾರ ಹರಿಹರದ ಬಸ್ಸು ಹತ್ತಿದ. ಕಿಟಕಿಯ ಸರಳಿಗೆ ಯಾರೋ ಉಗಿದ ಎಲೆ ಅಡಿಕೆ ಒಣಗಿ ಕೂತಿತ್ತು. ಪಕ್ಕದವನ ತಲೆಯೆಣ್ಣೆ ಘಾಟು. ದಾರಿಯುದ್ದಕ್ಕೂ ಕರವಸ್ತ್ರವನ್ನು ಮೂಗಿನಿಂದ ಇಳಿಸಲಿಲ್ಲ. ಹೊಳೆ ಕಡೆಯ ಓಣಿಯಲ್ಲಿದ್ದ ತಂಗಿಯ ಮನೆ ಮುಟ್ಟಿ, ಕಾಲಿಗೆ ನೀರು ಹಾಕಿಕೊಂಡವನೇ ಡಿಸ್ಕು ಎಲ್ಲಿ ಎಂದು ಕೇಳಿದ. ಸುನೀತಾ ಅವನನ್ನು ದೇವರ ಜಗಲಿಯ ಮುಂದೆ ಕರೆದೊಯ್ದು ನಿಲ್ಲಿಸಿದಳು.

ಅಲ್ಲಿ, ಉಕ್ಕಡಗಾತ್ರಿಯ ಕರಿಬಸವೇಶ್ವರನ ಪಟದ ಪಕ್ಕದಲ್ಲಿ, ಡಿಸ್ಕು ಕೂತಿತ್ತು. ಡಿಸ್ಕೆಂದು ಹೇಳಿದರೆ ನಂಬಬೇಕು, ಅಷ್ಟೆ. ವರ್ಷಗಟ್ಟಲೆ ಹಚ್ಚಿದ ಅರಿಶಿಣ ಕುಂಕುಮ ದೀಪದೆಣ್ಣೆಯೊಂದಿಗೆ ಕಲೆತು ಜಿಡ್ಡಾಗಿ, ಜಿಡ್ಡಿನ ಮೇಲೆ ಧೂಳಾಗಿ, ಧೂಳಿನ ಮೇಲೆ ಕೊಳೆತ ಹೂವಿನ ಎಸಳು ಅಂಟಿಕೊಂಡಿತ್ತು. ಕಮಟು ಎಣ್ಣೆಯ ನಾತ ಬೇರೆ. ಅದರ ಮುಂದೆ ಒಂದು ಸ್ಟೀಲ್ ಲೋಟದಲ್ಲಿ ನೀರು, ನೀರಿನಲ್ಲಿ ಸತ್ತು ತೇಲುವ ಇರುವೆ.

ಅಂಜನಕುಮಾರ ಬಾಯಿಗೆ ಬಂದ ಹಾಗೆ ಬೈದ. ಓದಿದವಳಲ್ಲವೇ ನೀನು, ಇದೇನು ಕಲ್ಲುಗುಂಡೇ, ಥೂ, ಮುಟ್ಟಲಿಕ್ಕೂ ಅಸಹ್ಯ ಎಂದ. ಮನೆಯಲ್ಲಿ ತಾನೇ ಡಿಸ್ಕಿಗೆ ಕುಂಕುಮ ಬಳಿದು ಕಾಯಿ ಒಡೆದು ಬಂದದ್ದು ಆಗ ಅವನ ನೆನಪಿಗೇ ಬರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸುವವರಿಗೆ ನೆನಪಿನ ಶಕ್ತಿ ಯಾವಾಗಲೂ ಕಡಿಮೆಯೇ.

"ಅವ್ವ ಅದಾಳೆ ಅಂತ ನೀನೇ ಕೊಟ್ಟಿದ್ದಲ್ಲಣ್ಣ. ಅವ್ವನ್ನ ಅಟ್ಟದ ಮ್ಯಾಲೆ ಇಡಾಕ್ಕಾಗುತ್ತಾ?" ಎಂದಳು ಸುನೀತಾ.

"ಕರೆಂಟಿನ ಸಾಮಾನಿನ ಮುಂದೆ ನೀರು ಯಾಕ ಇಟ್ಟಿ?"

ಅವಳು ಲೋಟವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಚಹಾ ಇಡಲು ಒಳಗೆ ಹೋದಳು.

ಅವನು ಪೇಪರು ಹಾಸಿ ಕೂತ. ಹಳೆಯ ಬ್ರಷ್ಷು, ಬೆಂಕಿಕಡ್ಡಿ, ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆ. ವೈರು ಚುಚ್ಚುವ ತೂತಿನಿಂದ ಕುಂಕುಮವನ್ನು ಕೆದರಿ ತೆಗೆದ. ಅದರ ಹಿಂದೆ ಜಿರಲೆಯ ಮೊಟ್ಟೆಯ ಚಿಪ್ಪು ಬಂತು. ಒಮ್ಮೆ ಎದ್ದು ಬಚ್ಚಲಿಗೆ ಹೋಗಿ ವಾಕರಿಸಿ ಬಂದ. ಬೇರೆ ಯಾವ ಕೆಲಸವಾಗಿದ್ದರೂ ಬಿಟ್ಟು ಹೋಗುತ್ತಿದ್ದ. ಇದನ್ನು ಬಿಟ್ಟರೆ ಮಗಳ ಮುಖ ನೋಡುವ ಹಾಗಿರಲಿಲ್ಲ.

ವೈರು ಕೂತಿತು. ಡಿಸ್ಕು ಒಳಗೊಳಗೇ ಕೊಂಚ ಗೊಣಗಿ, ತಿರುಗತೊಡಗಿತು. ಪದಗಳೆಲ್ಲ ಸಾಲಾಗಿ ಲ್ಯಾಪ್‌ಟಾಪಿನ ಮೇಲೆ ಕಂಡವು. ಅವನು ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಆಮೇಲೆ ತಂಗಿಯನ್ನು ಕರೆದು ಅರಿಶಿಣದ ಪದ ಹಾಕಿದ. ಅವಳ ಮನೆಯಲ್ಲಿ ಕಂಪ್ಯೂಟರು ಇಲ್ಲ. ಇಷ್ಟು ವರ್ಷ ಪೂಜಿಸಿದ್ದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಭೀಮವ್ವನ ದನಿ ಎದ್ದದ್ದೇ ಸೆರಗನ್ನು ತಲೆಗೆ ಎಳೆದುಕೊಂಡು ಗೋಡೆಗೆ ಒರಗಿ ಕೂತಳು.

ಎರಡನೆಯ ನುಡಿಯ ನಡುವೆ ಪದ ನಿಂತಿತು. ಗಂಡಸಿನ ದನಿಯೊಂದು ಅಡ್ಡ ಬಂತು. ಪದದ ಜೊತೆ ಫ್ಯಾನಿನ ಸದ್ದೂ ಬಂತು, ಮೊದಲಿಂದ ಹೇಳು ಎಂದು ಆ ದನಿ ಸಿಡುಕಿತು. ಭೀಮವ್ವ ಮೊದಲಿಂದ ಹೇಳಿದಳು. ಮತ್ತೆ ಅದೇ ದನಿ, ಇನ್ನೂ ಜೋರಾಗಿ ಹೇಳು ಎಂದು. ಜೋರಾಗಿ ಹೇಳಹೋಗಿ ಆಕೆಗೆ ಕೆಮ್ಮು ಬಂತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

"ಒಂದು ಗುಟುಕು ನೀರು ಕೊಡಪ್ಪ, ಗಂಟ್ಲು ಒಣಗೈತೆ."

"ಆಮ್ಯಾಲೆ ಕುಡಿ. ನೀರು ಕುಡುದ್ರೆ ದನಿ ಬ್ಯಾರೆ ಆಗ್ತೈತೆ. ಮೊದ್ಲಿಂದ ಹೇಳು."

ಆಕೆ ಒಣಗಂಟಲಿನಲ್ಲೇ ಮೊದಲಿಂದ ಎತ್ತಿಕೊಂಡಳು. ಅಂಜನಕುಮಾರ ಇನ್ನೊಂದು ಪದ ಹಾಕಿದ, ಮತ್ತೊಂದು ಹಾಕಿದ. ಎಲ್ಲದರಲ್ಲೂ ಅದೇ ಗಂಡಸು, ಅದೇ ಸಿಡುಕು. ಸರ್ವರಿನಲ್ಲಿ ಕತ್ತರಿಸುವಾಗ ಇದು ಅವನ ಕಿವಿಗೆ ಬಿದ್ದಿರಲಿಲ್ಲವೆಂದಲ್ಲ. ಫ್ಯಾನಿನ ಸದ್ದಿನ ಜೊತೆಗೆ ಕಸವೆಂದು ತೆಗೆದು ಎಸೆದಿದ್ದ, ಅಷ್ಟೆ. ಕೊಳೆತ ಹೂವನ್ನೂ ಜಿರಲೆ ಮೊಟ್ಟೆಯನ್ನೂ ಕಂಡಾಗ ಬಂದದ್ದು ಬರೀ ವಾಕರಿಕೆ. ಈಗ ತನ್ನ ದನಿಯ ಮೇಲೆಯೇ ಬಂದ ಹೇಸಿಗೆಯನ್ನು ಉಗಿಯಲು ಯಾವ ಬಚ್ಚಲೂ ಇರಲಿಲ್ಲ.

ಸುನೀತಾ ನೆಲ ನೋಡುತ್ತಾ ಹೇಳಿದಳು: "ಅವ್ವ ಇಲ್ಲಿಗೆ ಬಂದಾಗೆಲ್ಲ ಹೇಳೋಳು. ಪದ ಹೇಳಿ ಹೇಳಿ ಗಂಟ್ಲು ಒಣಗ್ತೈತೆ, ನಿಮ್ಮಣ್ಣ ನೀರು ಕೊಡಲ್ಲ ಅಂತ. ಅದನ್ನ ನಿನ್ ಮುಂದೆ ನಾನ್ ಹೆಂಗ್ ಹೇಳ್ಲಿ."

ಮಗಳಿಗೆ ಬೇಕಾದ ಪದಗಳು ಸಿಕ್ಕಿದ್ದವು. ಇನ್ನೊಮ್ಮೆ ಕೂತು ತನ್ನ ದನಿ ಕತ್ತರಿಸಿದರೆ ಮದುವೆಯ ಹೊತ್ತಿಗೆ ಎಲ್ಲ ಶುದ್ಧವಾಗುತ್ತಿತ್ತು. ಅವನು ಲ್ಯಾಪ್‌ಟಾಪು ಮುಚ್ಚಿದ. ಜಗಲಿಯ ಮೇಲಿದ್ದ ಲೋಟವನ್ನು ಎತ್ತಿಕೊಂಡ. ನೀರು ತುಳುಕಿ ಸತ್ತ ಇರುವೆ ಅವನ ಬೆರಳಿಗೆ ಅಂಟಿತು, ಕೊಡವಲಿಲ್ಲ. ಬಚ್ಚಲಿಗೆ ಹೋಗಿ ಲೋಟ ತೊಳೆದು, ಕೊಡದಿಂದ ಹೊಸ ನೀರು ತುಂಬಿಕೊಂಡು ಬಂದು, ಡಿಸ್ಕನ್ನು ಅದರ ಜಾಗದಲ್ಲಿಟ್ಟು, ನೀರನ್ನು ಅದಕ್ಕೆ ತಾಗುವಷ್ಟು ಹತ್ತಿರ ಇಟ್ಟ.

"ಒಂಚೂರು ಹಿಂದಕ್ಕಿಡಣ್ಣ, ಕರೆಂಟಿನ ಸಾಮಾನು" ಎಂದಳು ಸುನೀತಾ.